ಆರಲಿ, ಆಮೇಲೆ ಅಳೆಯೋಣ

ಬೆಳಗಿನ ಏಳೂವರೆಗೆ ಪೀಣ್ಯ ಎರಡನೇ ಹಂತದ ನಮ್ಮ ಅಡ್ಡರಸ್ತೆಗೆ ಕಾಲಿಟ್ಟರೆ ಮೂರು ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತವೆ. ಮೂಲೆಯ ತಳ್ಳುಗಾಡಿಯ ಇಡ್ಲಿ ಹಬೆ, ಪ್ಲೇಟಿಂಗ್ ಶೆಡ್ಡಿನ ಆಸಿಡ್ ಘಾಟು, ರಾತ್ರಿ ಪಾಳಿ ಮುಗಿಸಿದ ಲೇತ್‌ಗಳ ಕೂಲೆಂಟಿನ ಹುಳಿ ಕಮಟು. ನಾಗಸಂದ್ರ, ಚೊಕ್ಕಸಂದ್ರ, ಲಗ್ಗೆರೆ, ರಾಜಗೋಪಾಲನಗರದ ಕಡೆಯಿಂದ ಜನ ಬರುತ್ತಿರುತ್ತಾರೆ. ಕೆಲವರು ಮೆಟ್ರೊ ಇಳಿದು ನಡೆದು, ಕೆಲವರು ಒಂದೇ ಬೈಕಿನಲ್ಲಿ ಮೂವರು ಕೂತು. ಬುತ್ತಿಚೀಲ ಎಲ್ಲರ ಕೈಯಲ್ಲೂ ಇರುತ್ತದೆ. ಕನ್ನಡದ ಜೊತೆಗೆ ಒಡಿಯಾ, ಹಿಂದಿ, ತಮಿಳು, ತೆಲುಗು ಕಿವಿಗೆ ಬೀಳುತ್ತವೆ. ಸರಳು ಹೇರಿಕೊಂಡ ಲಾರಿಯೊಂದು ರಿವರ್ಸ್ ತೆಗೆದುಕೊಳ್ಳುತ್ತಾ ಇಡೀ ರಸ್ತೆಯನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸಿರುತ್ತದೆ. ಎಂಟಕ್ಕೆ ಸರಿಯಾಗಿ ಎದುರಿನ ಪ್ರೆಸ್ ಶಾಪಿನಲ್ಲಿ ದಿನದ ಮೊದಲ ಏಟು ಬೀಳುತ್ತದೆ. ಆ ಏಟಿಗೆ ನಮ್ಮ ಆಫೀಸಿನ ಕಿಟಕಿ ಗಾಜು ಒಮ್ಮೆ ಝಲ್ಲೆನ್ನುತ್ತದೆ. ನಮಗೆ ಅದೇ ಸೈರನ್.

ನಮ್ಮದು ನಲವತ್ತಕ್ಕೆ ಅರವತ್ತು ಅಡಿಯ ಶೆಡ್ಡು, ಹದಿನೆಂಟು ಜನ. ಮೂರು ಸಿಎನ್‌ಸಿ ಲೇತ್, ಒಂದು ವಿಎಂಸಿ, ಒಂದು ಸರ್ಫೇಸ್ ಗ್ರೈಂಡರ್, ಒಂದು ಡ್ರಿಲ್ಲಿಂಗ್ ಮಷೀನು. ಹಿಂಬದಿಯ ಗೋಡೆಗೆ ಸೇರಿದಂತೆ ಎಚ್‌ಎಂಟಿಯ ಹಳೆಯ ಎನ್‌ಎಚ್-22 ಲೇತ್ ನಿಂತಿದೆ. 2004ರಲ್ಲಿ ಈ ಶೆಡ್ಡು ಶುರುಮಾಡಿದಾಗ ಇದ್ದದ್ದು ಅದೊಂದೇ, ಅದೂ ಸೆಕೆಂಡ್‌ಹ್ಯಾಂಡ್. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ಹ್ಯಾಂಡ್‌ವೀಲಿನ ಹಿಡಿ ಕೈಯಾಡಿ ಕೈಯಾಡಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಆಯುಧಪೂಜೆಯ ದಿನ ಮೊದಲ ಕುಂಕುಮ, ಮೊದಲ ನಿಂಬೆಹಣ್ಣು ಅದಕ್ಕೇ. ಹೊಸ ಮಷೀನುಗಳಿಗೆ ಆಮೇಲೆ.

ಆ ಲೇತಿನ ಪಕ್ಕದ ಮರದ ಸ್ಟೂಲು ನಮ್ಮ ಮೇಸ್ತ್ರಿಯವರದು. ವಯಸ್ಸು ಅರವತ್ತು ದಾಟಿದೆ. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿ ಪಳಗಿದ ಕೈ. ಕನ್ನಡಕ ಹಾಕಿಕೊಂಡು ಅಳೆಯುತ್ತಾರೆ, ಕನ್ನಡಕ ತೆಗೆದು ಮಷೀನಿನ ಸದ್ದು ಕೇಳುತ್ತಾರೆ. ಸದ್ದು ಕೇಳಲು ಕನ್ನಡಕ ಯಾಕೆ ತೆಗೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಹಾಗೆ ತೆಗೆದಾಗೆಲ್ಲ ಅವರು ಹೇಳಿದ್ದು ತಪ್ಪಿದ್ದಿಲ್ಲ. ಟೂಲಿನ ತುದಿಯ ಇನ್ಸರ್ಟ್ ಸವೆದಿದೆ ಅಂದರೆ ಸವೆದೇ ಇರುತ್ತದೆ.

ಪೀಣ್ಯದ ಸಾವಿರಾರು ಸಣ್ಣ ಶೆಡ್ಡುಗಳ ಬೇರು ಹುಡುಕುತ್ತಾ ಹೋದರೆ ಇಂಥದೇ ಯಾವುದೋ ಮೇಸ್ತ್ರಿಯ ಹತ್ತಿರ ಹೋಗಿ ನಿಲ್ಲುತ್ತೇವೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ದೊಡ್ಡ ಕಾರ್ಖಾನೆಗಳು ಬೆಂಗಳೂರಿಗೆ ವಿಮಾನ, ಟೆಲಿಫೋನು, ಗಡಿಯಾರ, ರೇಡಾರು ಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಅವು ಕೊಟ್ಟದ್ದರಲ್ಲಿ ದೊಡ್ಡದು, ನನ್ನ ಲೆಕ್ಕದಲ್ಲಿ, ಅಳತೆ ಬಲ್ಲ ಕೈಗಳು. ಆ ಗೇಟುಗಳಿಂದ ಹೊರಬಂದವರು, ನಿವೃತ್ತರಾದವರು, ಅವರ ಕೈಕೆಳಗೆ ಕಲಿತವರು ಮೊದಲು ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ, ಆಮೇಲೆ ಇಲ್ಲಿ ಪೀಣ್ಯದಲ್ಲಿ ಒಂದೊಂದು ಲೇತ್ ಇಟ್ಟುಕೊಂಡು ಕೂತರು. ಕಲಿಸುವ ಜಾಗಗಳೂ ಊರಿನಲ್ಲಿದ್ದವು. ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಹುಡುಗರಿಗೆ ಕಸುಬು ಕಲಿಸುವ ಶಾಲೆಗೆಂದು ಬಿಟ್ಟುಕೊಟ್ಟರು. 1943ರಲ್ಲಿ ಶುರುವಾದ ಆ ಶಾಲೆಯೇ ಇಂದಿನ ಎಸ್‌ಜೆ ಪಾಲಿಟೆಕ್ನಿಕ್. 1972ರಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಜಿಟಿಟಿಸಿ ಬಂತು. ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ 1959ರಲ್ಲಿ ಹುಟ್ಟಿದ ಎನ್‌ಟಿಟಿಎಫ್ ಇಲ್ಲಿಗೆ ಬಂದು ನೆಲೆಯೂರಿತು. ಈಗ ಅದರ ಹೆಸರಿನಲ್ಲೇ ಒಂದು ಸರ್ಕಲ್ ಇದೆ. ಆಟೊದವರಿಗೆ ನಮ್ಮ ವಿಳಾಸ ಹೇಳುವುದೂ ಅಲ್ಲಿಂದಲೇ.

ಪ್ರತಿ ವರ್ಷ ಹೀಗೊಂದು ಸೋಮವಾರ ಡಿಪ್ಲೊಮಾದ ಕೊನೆಯ ಸೆಮಿಸ್ಟರಿನ ಮೂರೋ ನಾಲ್ಕೋ ಮಕ್ಕಳು ಇಂಟರ್ನ್‌ಶಿಪ್ಪಿಗೆಂದು ನಮ್ಮ ಶಟರಿನ ಮುಂದೆ ಬಂದು ನಿಲ್ಲುತ್ತಾರೆ. ಈ ಸಲ ಮೂವರು. ಗದಗಿನ ಕಡೆಯ ಒಬ್ಬ ಹುಡುಗ, ಹಿರಿಯೂರಿನವನೊಬ್ಬ, ಅರಸೀಕೆರೆಯ ಹತ್ತಿರದ ಹಳ್ಳಿಯ ಒಬ್ಬ ಹುಡುಗಿ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಬ್ಯಾಗು, ಕೈಯಲ್ಲಿ ಕಾಲೇಜಿನ ಪತ್ರ. ಕಣ್ಣು ಮಾತ್ರ ಸಿಎನ್‌ಸಿ ಮಷೀನಿನ ಗಾಜಿನ ಬಾಗಿಲಿನ ಮೇಲೆ.

ಮೊದಲ ದಿನ ನಾವು ಅವರ ಕೈಗೆ ಕೊಡುವುದು ಪೊರಕೆ. ಇದನ್ನು ಬರೆಯುವಾಗ ಯಾವ ತಂದೆತಾಯಿಗಾದರೂ ನೋವಾದೀತು ಎಂಬ ಅಳುಕು ನನಗಿದೆ, ಹಾಗಾಗಿ ಕಾರಣ ಹೇಳುತ್ತೇನೆ. ಮಷೀನಿನ ಕೆಳಗೆ ಬಿದ್ದಿರುವ ಲೋಹದ ಚಿಪ್ಸ್ ಗುಡಿಸದೆ ಮಷೀನು ಅರ್ಥವಾಗುವುದಿಲ್ಲ. ಮೇಸ್ತ್ರಿಯವರು ಮೊರದಲ್ಲಿ ಒಂದು ಹಿಡಿ ಚಿಪ್ಸ್ ತಂದು ಕಾಗದದ ಮೇಲೆ ಸುರಿಯುತ್ತಾರೆ, ಅಕ್ಕಿ ಆರಿಸುವ ಹಾಗೆ ಬೆರಳಿನಿಂದ ಹರಡುತ್ತಾರೆ. "ಬರಿಗೈಲಿ ಮುಟ್ಟಬ್ಯಾಡಿ, ಬ್ಲೇಡಿದ್ದಂಗೆ ಇರ್ತವೆ," ಅನ್ನುತ್ತಾರೆ. ಅವರ ಕೈ ಮಾತ್ರ ಯಾವಾಗಲೂ ಬರಿಗೈ. "ನೋಡು ಮಗಾ, ಇದು 6ರ ಹಂಗೈತೆ, ಇದು 9ರ ಹಂಗೈತೆ. ಹಿಂಗೆ ಮುರ್ಕೊಂಡು ಬಿದ್ರೆ ಟೂಲು ಸುಖವಾಗೈತೆ ಅಂತ. ಇಗೋ ಇದು, ದಾರದ ಹಂಗೆ ಉದ್ದಕ್ಕೆ ಸುತ್ಕೊಂಡು ಬಂದೈತಲ್ಲ, ಇದು ಜಾಬಿಗೂ ಸುತ್ಕೊಳುತ್ತೆ, ನಿನ್ ಕೈಗೂ ಸುತ್ಕೊಳುತ್ತೆ." ಉಕ್ಕಿನ ಚಿಪ್ಸಿನ ನೀಲಿ ಬಣ್ಣ ತೋರಿಸಿ ಬಿಸಿ ಎಲ್ಲಿಗೆ ಹೋಯಿತು ಎಂದು ಕೇಳುತ್ತಾರೆ. ಬಿಸಿ ಚಿಪ್ಸಿನ ಜೊತೆ ಹೊರಟುಹೋದರೆ ಒಳ್ಳೆಯದು, ಜಾಬಿನಲ್ಲೇ ಉಳಿದುಕೊಂಡರೆ ತೊಂದರೆ. ಮೂವರೂ ತಲೆಯಾಡಿಸಿದರು. ಆ ಮಾತು ಆ ದಿನ ಯಾರ ತಲೆಗೂ ಇಳಿದಿರಲಿಲ್ಲ ಎಂಬುದು ಎರಡನೇ ವಾರದಲ್ಲಿ ಗೊತ್ತಾಯಿತು.

ಎರಡನೇ ವಾರದ ಮಂಗಳವಾರ. ಪ್ಯಾಕಿಂಗ್ ಮಷೀನು ತಯಾರಿಸುವ ಒಬ್ಬ ಗ್ರಾಹಕರಿಗೆ ನಲವತ್ತು ಅಲ್ಯೂಮಿನಿಯಂ ರಿಂಗು ಆಗಬೇಕಿತ್ತು. ಹೊರವ್ಯಾಸ 100 ಮಿಲಿಮೀಟರ್, ಡ್ರಾಯಿಂಗಿನಲ್ಲಿ ಎಚ್-6 ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಅಂದರೆ 100ಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿರಕೂಡದು, ಕಡಿಮೆಯಾದರೆ 22 ಮೈಕ್ರಾನಿನವರೆಗೆ ಮಾತ್ರ ಮಾಫಿ. ಕೂದಲೆಳೆ ಎಂದು ಬಾಯಿಮಾತಿಗೆ ಅಂದೆ, ಕೂದಲೇ ಇಲ್ಲಿ ದೊಡ್ಡದು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದನ್ನು ಉದ್ದಕ್ಕೆ ಮೂರು ಸೀಳಿದರೆ ಒಂದು ಸೀಳು ಇನ್ನೂ ಈ ಮಾಫಿಗಿಂತ ದಪ್ಪವೇ. ಗದಗಿನ ಹುಡುಗನ ಕೈ ಚೆನ್ನಾಗಿತ್ತು, ಆಸೆಯಿತ್ತು. ಮೊದಲ ಪೀಸು ಮೇಸ್ತ್ರಿಯವರೇ ಹಾಕಿ ಒಪ್ಪಿಗೆ ಕೊಟ್ಟು, ಲೋಡ್ ಮಾಡುವುದು, ತೆಗೆಯುವುದು, ಅಳೆದು ಬರೆಯುವುದು ಅವನಿಗೆ ಬಿಟ್ಟರು.

ಮಧ್ಯಾಹ್ನ ಊಟ ಮುಗಿಸಿ ಬಂದವನು ಸುಮ್ಮನೆ ಮತ್ತೊಮ್ಮೆ ನೋಡೋಣವೆಂದು ಟ್ರೇಯಲ್ಲಿದ್ದ ಕೊನೆಯ ರಿಂಗನ್ನು ಅಳೆದಿದ್ದಾನೆ. ಬೆಳಿಗ್ಗೆ 99.990 ಎಂದು ಅವನೇ ಬರೆದದ್ದು ಈಗ 99.967 ತೋರಿಸುತ್ತಿದೆ. ಮೈಕ್ರೋಮೀಟರಿನದೇ ತಪ್ಪಿರಬೇಕೆಂದು ಸೊನ್ನೆ ಹೊಂದಿಸಿ ಮತ್ತೆ ಅಳೆದಿದ್ದಾನೆ. ಅದೇ. ಅದರ ಹಿಂದಿನದು ಅಳೆದಿದ್ದಾನೆ. ಅದೂ ಅಷ್ಟೇ. ಒಂದೊಂದಾಗಿ ಹದಿನೇಳನ್ನೂ ಅಳೆದು, ಮೊದಲ ಆರು ಸರಿಯಾಗಿವೆ, ಹನ್ನೊಂದು ಹೋಗಿವೆ ಎಂದು ಖಾತ್ರಿ ಮಾಡಿಕೊಂಡು ಆಫೀಸಿನ ಬಾಗಿಲಿಗೆ ಬಂದು ನಿಂತ. ಮುಖ ಬಿಳುಚಿತ್ತು.

"ಸರ್, ಮುಂಜಾನೆ ಬರೋಬ್ಬರಿ ಬಂದಿತ್ರಿ. ಈಗ ಕಡಿಮಿ ತೋರಸಾಕತ್ತೈತ್ರಿ. ಹನ್ನೊಂದು ಪೀಸ್ ಕೆಟ್ಟಾವ್ರಿ ಸರ್."

ನಾನು ಎದ್ದು ಹೋಗುವಷ್ಟರಲ್ಲಿ ಮೇಸ್ತ್ರಿಯವರು ಮಷೀನಿನ ಬಾಗಿಲು ತೆರೆದು ಒಳಗೆ ಬಗ್ಗಿದ್ದರು. ಕೂಲೆಂಟ್ ಟ್ಯಾಂಕಿನ ಜಾಲರಿಗೆ ಅಲ್ಯೂಮಿನಿಯಂ ಚಿಪ್ಸ್ ಮೆತ್ತಿಕೊಂಡು, ಹಾಲಿನಂತೆ ಧಾರಾಕಾರ ಬೀಳಬೇಕಾದ ಕೂಲೆಂಟು ನೂಲಿನಷ್ಟು ಸಣ್ಣಗೆ ಸುರಿಯುತ್ತಿತ್ತು. ಆರನೇ ಪೀಸಿನ ನಂತರ ಹೀಗಾಗಿದೆ. ರಿಂಗು ಬಿಸಿಯಾಗಿ ಹಿಗ್ಗಿದೆ, ಹಿಗ್ಗಿದ ರಿಂಗನ್ನು ಟೂಲು ನಿಷ್ಠೆಯಿಂದ 99.990ಕ್ಕೆ ಕಡಿದಿದೆ. ಹುಡುಗ ಬಿಸಿಬಿಸಿಯಾಗಿಯೇ ತೆಗೆದು ಅಳೆದಿದ್ದಾನೆ, ಅಳತೆ ಸರಿಯಾಗಿಯೇ ಬಂದಿದೆ. ಟ್ರೇಯಲ್ಲಿ ಕೂತು ಆರಿದ ಮೇಲೆ ರಿಂಗು ತನ್ನ ನಿಜವಾದ ಅಳತೆಗೆ ಇಳಿದಿದೆ. 100 ಮಿಲಿಮೀಟರ್ ಅಲ್ಯೂಮಿನಿಯಂ ಹತ್ತು ಡಿಗ್ರಿ ಬಿಸಿಯಾದರೆ 23 ಮೈಕ್ರಾನ್ ಬೆಳೆಯುತ್ತದೆ. ಡ್ರಾಯಿಂಗ್ ಕೊಟ್ಟ ಮಾಫಿ 22.

ನಾನು ಏನಾದರೂ ಅನ್ನುವ ಮೊದಲೇ ಮೇಸ್ತ್ರಿಯವರು ಕೆಟ್ಟ ರಿಂಗೊಂದನ್ನು ತೆಗೆದುಕೊಂಡು ಹೊರಗೆ ಹೋಗಿ ಕಾಂಪೌಂಡಿನ ಮೇಲೆ ಬಿಸಿಲಿಗೆ ಇಟ್ಟು ಬಂದರು. ಅರ್ಧ ಗಂಟೆ ಬಿಟ್ಟು ಅದನ್ನು ಬಟ್ಟೆಯಲ್ಲಿ ಹಿಡಿದು ತಂದು ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲೆ ಕೂರಿಸಿದರು. ಹುಡುಗನ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, "ಐದೈದು ನಿಮಿಷಕ್ಕೆ ಅಳಿ, ಬರಿ," ಅಂದರು.

ಅವನು ಅಳೆದ. 99.998. ಐದು ನಿಮಿಷ ಬಿಟ್ಟು 99.989. ಮತ್ತೈದು ನಿಮಿಷಕ್ಕೆ 99.982. ಹಿರಿಯೂರಿನ ಹುಡುಗನೂ ಅರಸೀಕೆರೆಯ ಹುಡುಗಿಯೂ ಬಂದು ಎರಡು ಪಕ್ಕ ನಿಂತರು. ಯಾರೂ ಮಾತಾಡಲಿಲ್ಲ. ಕಣ್ಣಿಗೆ ಏನೂ ಕಾಣದು, ರಿಂಗು ಇದ್ದ ಹಾಗೇ ಇದೆ. ಮೈಕ್ರೋಮೀಟರಿನ ಪುಟ್ಟ ಪರದೆಯ ಮೇಲೆ ಅಂಕಿ ಮಾತ್ರ ಇಳಿಯುತ್ತಿದೆ, ಬಾವಿಯ ಮೆಟ್ಟಿಲು ಒಂದೊಂದೇ ಇಳಿದ ಹಾಗೆ. ನಲವತ್ತು ನಿಮಿಷಕ್ಕೆ 99.967ಕ್ಕೆ ಬಂದು ನಿಂತಿತು. ಮತ್ತೆ ಅಲುಗಲಿಲ್ಲ.

"ನಿಮ್ಮೂರ ಕಡೆ ರೊಟ್ಟಿ ನೋಡಿದೀಯಲ್ಲ, ಹೆಂಚಿನ ಮ್ಯಾಲೆ ಉಬ್ತದೆ, ತಟ್ಟೆಗೆ ಬಂದ್ಮ್ಯಾಲೆ ಇಳೀತದೆ," ಅಂದರು ಮೇಸ್ತ್ರಿಯವರು. "ಹೆಂಚಿನ ಮ್ಯಾಲಿರೋ ರೊಟ್ಟಿ ಅಳೀಬಾರ್ದು ಕಣಪ್ಪ. ಆರಲಿ ಅನ್ನು. ಆಮೇಲೆ ಅಳಿ."

"ಹೌದ್ರಿ ಕಾಕಾ," ಅಂದ ಹುಡುಗ. ದನಿ ಒದ್ದೆಯಾಗಿತ್ತು.

ಲೋಹ ಹಿಗ್ಗುವ ಸೂತ್ರ ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಕೇಳಿದರೆ ಗುಣಾಂಕದ ಸಮೇತ ಒಪ್ಪಿಸುತ್ತಿದ್ದ. ಜಗತ್ತಿನ ಎಲ್ಲ ಡ್ರಾಯಿಂಗುಗಳ ಅಳತೆಯೂ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಂಬುದನ್ನೂ ಓದಿದ್ದ. ಸೂತ್ರ ಪುಸ್ತಕದಲ್ಲಿತ್ತು, ರಿಂಗು ಕೈಯಲ್ಲಿತ್ತು, ಎರಡಕ್ಕೂ ನಂಟಿದೆ ಎಂದು ಯಾರೂ ತೋರಿಸಿರಲಿಲ್ಲ. ಅವನ ಕಾಲೇಜಿನಲ್ಲಿ ಇಪ್ಪತ್ತು ಜನಕ್ಕೆ ಒಂದು ಲೇತಂತೆ, ಮೈಕ್ರೋಮೀಟರ್ ಹಾಳಾದೀತೆಂದು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತಾರಂತೆ. ಅಲ್ಲಿನ ಮೇಷ್ಟ್ರನ್ನು ದೂರಲು ನನಗೆ ಮನಸ್ಸಿಲ್ಲ. ಕಳೆದುಹೋದರೆ ಅವರ ಸಂಬಳದಲ್ಲಿ ಹಿಡಿದಾರು ಎಂಬ ಭಯ ಅವರಿಗೂ ಇರುತ್ತದೆ. ಆದರೆ ಉಪಕರಣ ಕೆಡಬಾರದು, ಜಾಬು ಕೆಡಬಾರದು, ಪರೀಕ್ಷೆಯಲ್ಲಿ ಉತ್ತರ ಕೆಡಬಾರದು ಎಂದು ಮೂರು ವರ್ಷ ಕಾದು ಬೆಳೆಸಿದ ಹುಡುಗ, ಮೊದಲ ಸಲ ಏನನ್ನಾದರೂ ಕೆಡಿಸಿದಾಗ ಏನು ಮಾಡಬೇಕು?

ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕು.

ತುಮಕೂರು ಜಿಲ್ಲೆಯ ಹಳ್ಳಿಯಿಂದ ಬಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ (ಐಟಿಐ) ಫಿಟ್ಟರ್ ಓದಿದವನು ನಾನು, 1989ರಲ್ಲಿ. ಮೊದಲ ಎರಡು ತಿಂಗಳು ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿದ್ದೇ ಉಜ್ಜಿದ್ದು. ಆರೂ ಮುಖ ಸಮತಟ್ಟಾಗಬೇಕು, ಮೂಲೆ ಮೂಲೆಗೂ ತೊಂಬತ್ತು ಡಿಗ್ರಿ ಬರಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ನುಸುಳಬಾರದು. ಅಂಗೈಯ ಬೊಕ್ಕೆಗಳು ಒಡೆದು, ಮಾಗಿ, ಮತ್ತೆ ಎದ್ದವು. ಬೆಳಕು ಪೂರಾ ನಿಂತ ದಿನದ ಸಂತೋಷ ಈಗಲೂ ಬೆರಳ ತುದಿಯಲ್ಲಿದೆ. ಆಮೇಲೆ ಒಂದು ಕಾರ್ಖಾನೆಗೆ ಟ್ರೈನಿಯಾಗಿ ಸೇರಿದೆ. ಅಲ್ಲಿ ಒಂದು ದಿನ ನಾನು ಮಾಡಿದ ಕಂಚಿನ ಬುಷ್ಷೊಂದರ ರಂಧ್ರ ಅಳತೆ ಮೀರಿತು. ಗೊತ್ತಾಯಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಸರಿಯಾಗಿದ್ದ ಬುಷ್‌ಗಳ ನಡುವೆ ಅದನ್ನು ಸೇರಿಸಿಬಿಟ್ಟೆ. ಎರಡು ತಿಂಗಳ ನಂತರ ಅದು ಗ್ರಾಹಕರ ಮಷೀನಿನಲ್ಲಿ ಗಡಗಡ ಆಡಿ ವಾಪಸು ಬಂತು. ಆ ಲಾಟಿಗೆ ಸಹಿ ಹಾಕಿದ್ದ ಇನ್ಸ್‌ಪೆಕ್ಟರು ಎಲ್ಲರ ಮುಂದೆ ಬೈಸಿಕೊಂಡರು. ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದ, ಮಧ್ಯಾಹ್ನ ತಮ್ಮ ಬುತ್ತಿಯಲ್ಲಿ ನನಗೆ ಪಾಲು ಕೊಡುತ್ತಿದ್ದ ಮನುಷ್ಯ. ನಾನು ಎರಡು ಮಷೀನಿನಾಚೆ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಯಾವತ್ತಾದರೂ ಹೇಳೋಣ ಎಂದುಕೊಂಡು ದಿನ ತಳ್ಳಿದೆ, ಅಷ್ಟರಲ್ಲಿ ಅವರು ನಿವೃತ್ತರಾಗಿ ಊರಿಗೆ ಹೋದರು. ಅವರನ್ನು ಮತ್ತೆ ನೋಡಲಾಗಲಿಲ್ಲ.

ಆದ್ದರಿಂದ ಗದಗಿನ ಹುಡುಗ ಬಾಗಿಲಲ್ಲಿ ನಿಂತು ಹನ್ನೊಂದು ಎಂದು ಎಣಿಸಿ ಹೇಳಿದಾಗ ನನಗೆ ಬೈಯಲು ಬಾಯಿ ಬರಲಿಲ್ಲ. ನಾನು ಬೆಲೆ ಕಟ್ಟಿ ಕೊಳ್ಳಲಾಗದ್ದನ್ನು ಅವನು ತಾನಾಗಿ ತಂದುಕೊಟ್ಟಿದ್ದ. ಪ್ರೋಗ್ರಾಮು ಬರೆಯುವುದನ್ನು ಆರು ತಿಂಗಳಲ್ಲಿ ಕಲಿಸುತ್ತೇನೆ, ಆಫ್‌ಸೆಟ್ ಹಾಕುವುದನ್ನು ಒಂದು ವಾರದಲ್ಲಿ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಬಂದು ಹೇಳುವುದನ್ನು ಕಲಿಸುವ ಸಿಲೆಬಸ್ ನನ್ನ ಬಳಿ ಇಲ್ಲ. ಹೇಳಿದವನು ಪೆಟ್ಟು ತಿನ್ನದಂತೆ ನೋಡಿಕೊಳ್ಳುವುದು ಮಾತ್ರ ನನ್ನ ಕೈಯಲ್ಲಿದೆ.

ಪೆಟ್ಟು ನನ್ನ ಪಾಲಿಗೆ ಬಂತು, ಅದು ಬರಬೇಕಾದ ಜಾಗ. ಗ್ರಾಹಕರಿಗೆ ಫೋನು ಮಾಡಿ ಬುಧವಾರ ಕೊಡಬೇಕಾದದ್ದು ಶುಕ್ರವಾರಕ್ಕೆ ಹೋಗುತ್ತದೆ ಎಂದೆ, ಯಾಕೆಂದೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಶುಕ್ರವಾರ ಅಂದ್ರೆ ಶುಕ್ರವಾರನೇ ಸಾರ್, ನಮ್ಮ ಅಸೆಂಬ್ಲಿ ನಿಂತಿದೆ," ಎಂದರು. ಸರಳು ಸಾಲದೆ ಮತ್ತೆ ತರಿಸಬೇಕಾಯಿತು. ಈ ಫೋನನ್ನು ಮೂವರನ್ನೂ ಎದುರಿಗೆ ಕೂರಿಸಿಕೊಂಡೇ ಮಾಡಿದೆ.

ದೊಡ್ಡ ಕಂಪನಿಯಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಹುಡುಗ ತನ್ನ ಸೆಲ್ಲಿನಲ್ಲಿ ಕೆಲಸ ಮಾಡುತ್ತಾನೆ, ಕೆಟ್ಟದ್ದು ಕೆಂಪು ಡಬ್ಬಿಗೆ ಬೀಳುತ್ತದೆ, ಆಚೆಗೆ ಏನಾಯಿತೋ ತಿಳಿಯದು. ನಮ್ಮಂಥ ಶೆಡ್ಡಿನಲ್ಲಿ ಸರಳು ಇಳಿಯುವ ಜಾಗದಿಂದ ಚೆಕ್ಕು ಬರುವ ಮೇಜಿನವರೆಗೆ ಐವತ್ತು ಹೆಜ್ಜೆ. ಸಣ್ಣ ಕಾರ್ಖಾನೆಗೆ ಬಂದ ವಿದ್ಯಾರ್ಥಿಗೆ ನಾವು ಕೊಡಬಹುದಾದದ್ದು ಈ ಐವತ್ತು ಹೆಜ್ಜೆ ಎಂದೇ ನಾನು ನಂಬಿದ್ದೇನೆ. ಹವಾನಿಯಂತ್ರಿತ ಲ್ಯಾಬು ನಮ್ಮಲ್ಲಿಲ್ಲ, ರೋಬೋ ಇಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದ್ದಾರೆ. ಹಳ್ಳಿಯ ಮಕ್ಕಳು ಅಲ್ಲಿ ರೋಬೋ ಕೈ ಆಡಿಸುವುದು ನನಗೆ ನಿಜಕ್ಕೂ ಸಂತೋಷ. ಅಲ್ಲಿ ಕಲಿತದ್ದಕ್ಕೆ ಇಲ್ಲಿನ ಈ ನಡಿಗೆ ಸೇರಿದರೆ ಆ ಕಲಿಕೆಗೆ ಕಾಲು ಬರುತ್ತದೆ.

ಅದಕ್ಕೇ ಶನಿವಾರ ಮಧ್ಯಾಹ್ನ ಮಷೀನು ಒರೆಸಿ ಮುಗಿಸಿದ ಮೇಲೆ ಮೂವರನ್ನೂ ಆಫೀಸಿಗೆ ಕರೆದು ಲೆಡ್ಜರ್ ಬಿಚ್ಚುತ್ತೇನೆ. ಶೆಡ್ಡಿನ ಬಾಡಿಗೆ, ಬೆಸ್ಕಾಂ ಬಿಲ್ಲು, ಮಷೀನಿನ ಸಾಲದ ಕಂತು, ಸಂಬಳ, ಇಎಸ್‌ಐ, ಪಿಎಫ್, ಇನ್ಸರ್ಟುಗಳ ಖರ್ಚು. ಇವನ್ನೆಲ್ಲ ಕೂಡಿ, ಮಷೀನು ಓಡುವ ಗಂಟೆಗಳಿಂದ ಭಾಗಿಸಿ, ಒಂದು ಗಂಟೆಗೆ ಎಷ್ಟು ಬೀಳುತ್ತದೆ ಎಂದು ಅವರೇ ಲೆಕ್ಕ ಹಾಕಬೇಕು. ಈ ಶನಿವಾರ ಹಿರಿಯೂರಿನ ಹುಡುಗ ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟು, "ಸಾರ್, ಹಂಗಾದ್ರೆ ಮಷೀನು ಸುಮ್ನೆ ನಿಂತಿದ್ರೂ ದುಡ್ಡು ಹೋಗ್ತಾ ಇರುತ್ತಾ?" ಎಂದು ಕೇಳಿದ. ಹೋಗುತ್ತಾ ಇರುತ್ತದೆ. ಇನ್ನೊಂದು ಕಾಲಂ ತೋರಿಸಿದೆ, ಬರಬೇಕಾದ ಬಾಕಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡಮಾಡಿದರೆ ಆ ಖರ್ಚನ್ನು ಹಣ ಕೊಟ್ಟ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಷ್ಟೇ ತೋರಿಸಬಹುದು ಎಂಬ ನಿಯಮವೂ 2023–24ರ ಹಣಕಾಸು ವರ್ಷದಿಂದ ಬಂದಿದೆ. ಆದರೂ ಆ ಕಾಲಮ್ಮಿನಲ್ಲಿ 90 ದಿನ, 110 ದಿನದ ಬಿಲ್ಲುಗಳಿದ್ದವು. ಹಣ ಬರಲಿ ಬಿಡಲಿ, ಬಿಲ್ಲು ಹಾಕಿದ ಮುಂದಿನ ತಿಂಗಳು ಜಿಎಸ್‌ಟಿ ಮಾತ್ರ ನಾವು ಕಟ್ಟಲೇಬೇಕು. ಹುಡುಗಿ ಆ ಸಾಲುಗಳ ಮೇಲೆ ಬೆರಳಾಡಿಸುತ್ತಾ, "ಕೇಳಿದ್ರೆ ಮುಂದಿನ ಆರ್ಡರ್ ಕೊಡಲ್ವಾ ಸಾರ್?" ಅಂದಳು. ಅಷ್ಟು ಬೇಗ ಅಷ್ಟು ದೂರ ನೋಡಿದವರು ಆ ಮೇಜಿನಲ್ಲಿ ಕಡಿಮೆ.

ಆ ಹುಡುಗಿಯದು ಡ್ರಾಯಿಂಗ್ ಓದುವ ಕಣ್ಣು. ಅಮೆರಿಕದ ಕಂಪನಿಯೊಂದರ ಡ್ರಾಯಿಂಗು ನಮಗೆ ಮಧ್ಯವರ್ತಿಯೊಬ್ಬರ ಮೂಲಕ ಬಂದಿತ್ತು. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಫಸ್ಟ್ ಆಂಗಲ್. ಅಮೆರಿಕದವರದು ಥರ್ಡ್ ಆಂಗಲ್. ಹಾಳೆಯ ಮೂಲೆಯಲ್ಲಿ ಹೆಬ್ಬೆರಳುಗುರಿನಷ್ಟು ಜಾಗದಲ್ಲಿ ತಲೆ ಕತ್ತರಿಸಿದ ಶಂಕುವಿನ ಚಿಹ್ನೆ ಇರುತ್ತದೆ, ಅದನ್ನು ನೋಡದಿದ್ದರೆ ಎಡದ ಕೀವೇ ಬಲಕ್ಕೆ ಹೋಗುತ್ತದೆ. ನಮ್ಮ ವಿಎಂಸಿ ಆಪರೇಟರು ಪ್ರೋಗ್ರಾಮ್ ಮುಗಿಸಿ ಜಾಬು ಕಟ್ಟಿದ್ದ. ಇವಳು ಪಕ್ಕದಲ್ಲಿ ನಿಂತು, "ಅಣ್ಣಾ, ಒಂದ್ನಿಮಿಷ, ಈ ಕೋನ್ ಉಲ್ಟಾ ಇದೆ ನೋಡಿ," ಎಂದಳು. ಅವನು ಬೀಡುಕಬ್ಬಿಣದಂತೆ ನಿಂತ. ಆಮೇಲೆ ಎರಡೂ ಕೈಯಿಂದ ಕಿವಿ ಹಿಡಿದುಕೊಂಡು ನಕ್ಕುಬಿಟ್ಟ.

ಮಾಲೀಕರಾದ ನಮ್ಮ ಕಡೆಯ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುಡುಗರಿಗೆ ಕೆಲಸ ಬರುವುದಿಲ್ಲ ಎಂದು ನಮ್ಮ ಸಭೆಗಳಲ್ಲಿ ದೂರುತ್ತೇವೆ, ಬಂದ ಹುಡುಗನನ್ನು ಒಂದೇ ಮಷೀನಿನ ಮುಂದೆ ನಿಲ್ಲಿಸಿ ಹಸಿರು ಬಟನ್ ಒತ್ತಿಸುತ್ತೇವೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಮ್ಮಂಥವರಿಗೆ ಅದು ಮನಸ್ಸಿಗೆ ಬಿಟ್ಟದ್ದು. ಮನಸ್ಸು ಮಾಡಿದವರಲ್ಲೂ ಎಷ್ಟೋ ಜನಕ್ಕೆ ಅಪ್ರೆಂಟಿಸ್ ಅಂದರೆ ಕಡಿಮೆ ಸಂಬಳದ ಕೈ. ನಾನೂ ಮಾಡಿದ್ದೇನೆ. ಐದಾರು ವರ್ಷದ ಹಿಂದೆ ಆರ್ಡರಿನ ಒತ್ತಡದಲ್ಲಿ ಒಬ್ಬ ಚುರುಕು ಹುಡುಗನನ್ನು ಮೂರು ತಿಂಗಳು ಒಂದೇ ಲೇತಿನಲ್ಲಿ ಹಾಕಿ ಲೋಡ್, ಅನ್‌ಲೋಡ್ ಮಾಡಿಸಿದೆ. ನಾಲ್ಕನೇ ತಿಂಗಳು ಅವನು ಊಟ ತಲುಪಿಸುವ ಕೆಲಸಕ್ಕೆ ಹೋದ. ಒಂದು ಸಂಜೆ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಸಿಕ್ಕಿದ. "ಅಲ್ಲಿ ನಿಂತಲ್ಲೇ ನಿಂತಿರ್ತಿದ್ದೆ ಸಾರ್, ಇಲ್ಲಿ ಊರಾದ್ರೂ ನೋಡ್ತೀನಿ," ಅಂದ. ಹಸಿರು ಬಿತ್ತು, ಹೋದ. ಅವನ ಆ ಮಾತಿನ ನಂತರ ನಮ್ಮಲ್ಲಿ ಯಾವ ಟ್ರೈನಿಯೂ ಒಂದೇ ಮಷೀನಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ನಿಂತಿಲ್ಲ. ಕಲಿಸಿದ ಮೇಲೆ ದೊಡ್ಡ ಕಂಪನಿಗೆ ಹೋಗಿಬಿಡುತ್ತಾರೆ, ನಿಮಗೇನು ಲಾಭ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಹೋಗುತ್ತಾರೆ, ಹೋಗಲಿ. ನನ್ನ ಮೇಸ್ತ್ರಿಯವರನ್ನು ತಯಾರು ಮಾಡಿದವರು ಯಾರೂ ನನ್ನ ಶೆಡ್ಡಿಗೆಂದು ತಯಾರು ಮಾಡಿರಲಿಲ್ಲ.

ಗ್ರಾಹಕರಿಗೆ ಮಾತು ಕೊಟ್ಟ ಶುಕ್ರವಾರ, ಸಂಜೆ ಐದೂವರೆ. ಶಟರಿನ ಮುಂದೆ ಟೆಂಪೊ ಬಂದು ನಿಂತಿದೆ. ಮೂವತ್ತೊಂಬತ್ತು ರಿಂಗು ಒಂದೊಂದಾಗಿ ಕಾಗದದಲ್ಲಿ ಸುತ್ತಿಸಿಕೊಂಡು ಕ್ರೇಟಿನಲ್ಲಿ ಸಾಲಾಗಿ ಕೂತಿವೆ. ಚಲನ್ ಸಿದ್ಧವಿದೆ, ಇ-ವೇ ಬಿಲ್ ಆಗಿದೆ. ಕೂಲೆಂಟ್ ಟ್ಯಾಂಕಿನ ಜಾಲರಿಯನ್ನು ಗದಗಿನ ಹುಡುಗ ಈ ಮೂರು ದಿನದಲ್ಲಿ ಎಷ್ಟು ಸಲ ತೊಳೆದಿದ್ದಾನೋ ಲೆಕ್ಕವಿಲ್ಲ. ನಲವತ್ತನೆಯ ರಿಂಗು ಈಗಷ್ಟೇ ಮಷೀನಿನಿಂದ ಇಳಿದು, ಒರೆಸಿಕೊಂಡು, ಗ್ರಾನೈಟ್ ಪ್ಲೇಟಿನ ಮೇಲೆ ಕೂತಿದೆ. ಪಕ್ಕದಲ್ಲೇ ಮೈಕ್ರೋಮೀಟರ್, ಅದನ್ನೂ ಕೈಯಲ್ಲಿ ಹಿಡಿದುಕೊಂಡಿಲ್ಲ, ಕೈಯ ಬಿಸಿ ತಾಗೀತೆಂದು. ಟೆಂಪೊದವನು ಎರಡನೇ ಸಲ ಹಾರ್ನ್ ಹೊಡೆದ. ಗ್ರಾಹಕರ ಸ್ಟೋರ್ಸ್ ಬಾಗಿಲು ಆರೂವರೆಗೆ ಮುಚ್ಚುತ್ತದೆ, ಎಂಟನೇ ಮೈಲಿಯ ಜಂಕ್ಷನ್ ದಾಟಿ ಹೋಗಬೇಕು. ನನ್ನ ಫೋನು ಅಂಗಿಯ ಜೇಬಿನಲ್ಲಿ ಗುಂಯ್‌ಗುಡುತ್ತಿದೆ, ಯಾರೆಂದು ಗೊತ್ತು.

ನಾನು ಹತ್ತಿರ ಹೋಗಿ ರಿಂಗಿನ ಕಡೆ ಕೈ ಚಾಚಿದೆ.

ಹುಡುಗ ತನ್ನ ಅಂಗೈಯನ್ನು ರಿಂಗಿನ ಮೇಲೆ ತಾಗದಂತೆ ಅಡ್ಡ ಹಿಡಿದ. ಗೋಡೆಯ ಗಡಿಯಾರ ನೋಡಿದ.

"ಸರ್, ಇನ್ನೊಂದ್ ಐದ್ ನಿಮಿಷ ತಡೀರಿ. ಆರಲಿ."

ಮೇಸ್ತ್ರಿಯವರು ಸ್ಟೂಲಿನ ಮೇಲಿಂದ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸತೊಡಗಿದರು. ನಾನು ಶಟರಿನವರೆಗೆ ಹೋಗಿ ಟೆಂಪೊದವನಿಗೆ ಒಂದು ಟೀ ಹೇಳಿ ಬಂದೆ.